ಮುಚ್ಚಳವೆತ್ತಿ ನೋಡುವ ಅಧಿಕಾರಿ

ಬೀದರಿನಿಂದ ಹೊರಟ ರೈಲು ಭಾಲ್ಕಿಯನ್ನು ದಾಟಿ ಉದಗೀರದ ಕಡೆಗೆ ಸಾಗುವಾಗ, ಕರ್ನಾಟಕದ ನೆಲವನ್ನು ಬಿಡುವುದಕ್ಕೆ ತುಸು ಮುಂಚೆ ಸಿಕ್ಕುವ ಊರು ಕಮಲನಗರ. ಔರಾದದಿಂದ ಬೇರೆಯಾಗಿ ಈಚಿನ ವರ್ಷಗಳಲ್ಲಿ ತಾಲೂಕಿನ ಪದವಿಯನ್ನು ಪಡೆದ ಈ ಊರಿನ ಸಂತೆಯಲ್ಲಿ ಕನ್ನಡವೂ ಮರಾಠಿಯೂ ಉರ್ದುವೂ ಒಂದರೊಳಗೊಂದು ಬೆರೆತು ಕೇಳಿಬರುತ್ತವೆ. ತಹಶೀಲ್ದಾರರ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. ಫೌಜುದಾರರ ಪರಿಚಯವಿಲ್ಲದವರೂ ಇದೆಯೆಂದೇ ಹೇಳಿಕೊಳ್ಳುತ್ತಾರೆ. ಆದರೆ ವರ್ಷದ ಎಲ್ಲ ಋತುಗಳಲ್ಲಿಯೂ ಮನೆಮನೆಯ ಹಿತ್ತಿಲಿಗೆ ಬಂದು, ನೀರಿನ ಬ್ಯಾರಲಿನ ಮುಚ್ಚಳವನ್ನೆತ್ತಿ, ಕೈದೀಪ ಹಿಡಿದು ಒಳಗೆ ಇಣುಕಿ ನೋಡಿಹೋಗುವ ಮನುಷ್ಯನು ಯಾರು, ಅವನಿಗೆ ಆ ಅಧಿಕಾರವನ್ನು ಕೊಟ್ಟವರು ಯಾರು ಎಂಬುದನ್ನು ವಿಚಾರಿಸಿದವರು ವಿರಳ. ಜನರ ಬಾಯಲ್ಲಿ ಅವನು ಹೆಲ್ತ್ ಇನ್ಸ್‌ಪೆಕ್ಟರ್. ಬೀದರ, ಭಾಲ್ಕಿ, ಔರಾದಗಳ ಪೌರಾಡಳಿತದಲ್ಲಿ ಆರೋಗ್ಯ ನಿರೀಕ್ಷಕ. ಹಳ್ಳಿಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸೇರಿದವನಾದರೆ, ನಿನ್ನೆಮೊನ್ನೆಯವರೆಗೆ ಕಿರಿಯ ಆರೋಗ್ಯ ಸಹಾಯಕನೆನಿಸಿಕೊಂಡಿದ್ದು ಈಗ ಆರೋಗ್ಯ ನಿರೀಕ್ಷಣಾಧಿಕಾರಿ.

ಈ ಹುದ್ದೆಯ ಮೂಲವು ಇಂಗ್ಲೆಂಡಿನ ಕೈಗಾರಿಕಾ ನಗರಗಳಲ್ಲಿದೆ. 1840ರ ದಶಕದಲ್ಲಿ ಲಿವರ್‌ಪೂಲಿನಂಥ ಊರುಗಳು ಗಟಾರ, ತಿಪ್ಪೆ, ನೆಲಮಾಳಿಗೆಯ ವಸತಿಗಳನ್ನು ಪರೀಕ್ಷಿಸಲು ನೌಕರರನ್ನು ನೇಮಿಸಿದುವು. 1848ರ ಸಾರ್ವಜನಿಕ ಆರೋಗ್ಯ ಶಾಸನವು ಆ ಪದ್ಧತಿಯನ್ನು ದೇಶದ ಇತರ ಊರುಗಳಿಗೂ ಹರಡಿತು. ನಮ್ಮ ನಾಡಿನಲ್ಲಿ ಅದಕ್ಕೆ ತುರ್ತನ್ನು ತಂದುದು ಪ್ಲೇಗು. 1898ರಲ್ಲಿ ಬೆಂಗಳೂರನ್ನು ಹೊಕ್ಕ ಆ ಮಾರಿಯು ಊರಿನ ನೈರ್ಮಲ್ಯವೆಂಬುದು ದಾನಿಗಳ ಔದಾರ್ಯಕ್ಕೆ ಬಿಡತಕ್ಕ ವಿಷಯವಲ್ಲವೆಂಬುದನ್ನು ಆಳುವವರಿಗೆ ಕಲಿಸಿತು. 1929ರಲ್ಲಿ ಮೈಸೂರು ಸಂಸ್ಥಾನವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಪ್ರತ್ಯೇಕ ಆರೋಗ್ಯ ಇಲಾಖೆಯನ್ನು ಕಟ್ಟಿತು. ಬೀದರ ಪ್ರಾಂತವು ಆಗ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದು, 1956ರ ನವೆಂಬರ್ 1ರಂದು ಕನ್ನಡ ರಾಜ್ಯವನ್ನು ಸೇರಿತು.

ಹಳ್ಳಿಯಲ್ಲಿ ಒಬ್ಬನೇ ನಿರೀಕ್ಷಕನ ತಲೆಯ ಮೇಲೆ ಹಲವು ಕೆಲಸಗಳ ಹೊರೆ ಏಕೆ ಬಂದಿತೆಂಬುದಕ್ಕೆ ಉತ್ತರವು 1973ರ ಕರ್ತಾರ್ ಸಿಂಗ್ ಸಮಿತಿಯ ವರದಿಯಲ್ಲಿದೆ. ಅದುವರೆಗೆ ಮಲೇರಿಯಾಕ್ಕೊಬ್ಬ, ಸಿಡುಬಿನ ದೇವಿ ಹಾಕುವುದಕ್ಕೊಬ್ಬ, ಕುಟುಂಬ ಯೋಜನೆಗೊಬ್ಬ ಎಂದು ಬೇರೆ ಬೇರೆ ನೌಕರರು ಒಂದೇ ಮನೆಯ ಬಾಗಿಲನ್ನು ಬಡಿಯುತ್ತಿದ್ದರು. ಅವರೆಲ್ಲರ ಕಾರ್ಯವನ್ನೂ ಒಬ್ಬ ವಿವಿಧೋದ್ದೇಶ ಕಾರ್ಯಕರ್ತನಿಗೆ ವಹಿಸಬೇಕೆಂದು ಸಮಿತಿ ಹೇಳಿತು. ಮಿತವ್ಯಯದ ದೃಷ್ಟಿಯಿಂದ ಇದು ವಿವೇಕವೇ ಸರಿ. ಆದರೆ ಬಾಗಿಲು ಬಡಿಯುವವರು ಕಡಮೆಯಾದರೇ ಹೊರತು ಕೆಲಸವು ಕಡಮೆಯಾಗಲಿಲ್ಲವೆಂಬುದನ್ನು ಆ ಕೆಲಸಕ್ಕೆ ನಿಂತವರು ಮಾತ್ರ ಬಲ್ಲರು.

ಪಟ್ಟಣದ ನಿರೀಕ್ಷಕನ ದಿನವು ಸೂರ್ಯೋದಯಕ್ಕೆ ಮೊದಲೇ ಪೌರಕಾರ್ಮಿಕರ ಹಾಜರಿಯಿಂದ ಆರಂಭವಾಗುತ್ತದೆ. ಯಾವ ಓಣಿಗೆ ಯಾರು, ಯಾವ ಗಟಾರ ಕಟ್ಟಿದೆ, ಕಸದ ಗಾಡಿ ಹೊರಟಿತೇ ಇಲ್ಲವೇ, ಹಸಿಕಸ ಒಣಕಸಗಳನ್ನು ಮನೆಯವರು ಬೇರ್ಪಡಿಸಿ ಕೊಟ್ಟರೇ ಎಂಬುದು ಅವನ ಬೆಳಗಿನ ಪಾಠ. ಮಲವನ್ನು ತಲೆಯ ಮೇಲೆ ಹೊರಿಸುವ ಅನಿಷ್ಟವನ್ನು ಬಿ. ಬಸವಲಿಂಗಪ್ಪನವರು ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದಾಗ ನಿಷೇಧಿಸಿದರೆಂಬುದು ಕನ್ನಡನಾಡು ಹೆಮ್ಮೆಪಡತಕ್ಕ ಸಂಗತಿ. ಕೇಂದ್ರದ ಶಾಸನಗಳು ಬಂದುದು ಅನಂತರ, 1993ರಲ್ಲಿ ಮತ್ತು 2013ರಲ್ಲಿ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಮಲಗುಂಡಿಗೆ ಇಳಿಸುವುದು ಇಂದು ಅಪರಾಧ. ಆ ಅಪರಾಧ ತನ್ನ ಸರಹದ್ದಿನಲ್ಲಿ ನಡೆಯದಂತೆ ಕಾಯುವುದು ಈ ನಿರೀಕ್ಷಕನ ಮೊದಲ ಧರ್ಮವೆಂದು ನನ್ನ ಭಾವನೆ. ಮಿಕ್ಕ ಹೊತ್ತಿನಲ್ಲಿ ಅವನು ಖಾನಾವಳಿಗಳ ಪರವಾನಗಿ, ಕಸಾಯಿಖಾನೆ, ಪ್ಲಾಸ್ಟಿಕ್ ಚೀಲ, ಸಾರ್ವಜನಿಕ ಸ್ಥಳದ ಧೂಮಪಾನದ ದಂಡಗಳನ್ನು ನೋಡಬೇಕು. ಅನೇಕ ಊರುಗಳಲ್ಲಿ ಜನನಮರಣಗಳ ದಾಖಲೆಯೂ ಅವನ ಶಾಖೆಯದೇ. ಆಹಾರದ ಕಲಬೆರಕೆಯನ್ನು ಪರೀಕ್ಷಿಸುವ ಹೊಣೆ ಮಾತ್ರ, 2006ರ ಆಹಾರ ಸುರಕ್ಷತಾ ಕಾಯಿದೆಯು 2011ರ ಆಗಸ್ಟಿನಲ್ಲಿ ಜಾರಿಗೆ ಬಂದ ಮೇಲೆ, ಪ್ರತ್ಯೇಕ ಅಧಿಕಾರಿಗಳಿಗೆ ಹೋಯಿತು.

ಇವೆಲ್ಲ ಯಾವ ಊರಿನಲ್ಲಿಯೂ ಇರತಕ್ಕ ಕೆಲಸಗಳು. ಬೀದರ ಸೀಮೆಯ ನಿರೀಕ್ಷಕನಿಗೆ ವಿಶೇಷವಾದ ಕಷ್ಟವೊಂದುಂಟು: ಅವನು ಎದುರಿಸಬೇಕಾದುದು ಜನರ ಕೊಳೆಯನ್ನಷ್ಟೇ ಅಲ್ಲ, ಅವರ ಜಾಗರೂಕತೆಯನ್ನೂ. ಮಳೆ ನಂಬಿಕೆಗೆ ಅರ್ಹವಲ್ಲದ ಈ ಪ್ರಸ್ಥಭೂಮಿಯಲ್ಲಿ ನೀರನ್ನು ಕೂಡಿಡುವುದೇ ಬಾಳಿನ ವಿದ್ಯೆ. ಬಹಮನಿ ಸುಲ್ತಾನರು ಹದಿನೈದನೆಯ ಶತಮಾನದಲ್ಲಿ ಬೀದರನ್ನು ರಾಜಧಾನಿಯಾಗಿಸಿಕೊಂಡಾಗ, ಜಂಬಿಟ್ಟಿಗೆಯ ನೆಲವನ್ನು ಕೊರೆದು, ಅಂತರ್ಜಲವನ್ನು ಸುರಂಗದಲ್ಲಿ ಹರಿಯಿಸುವ ಪಾರಸಿಕ ವಿದ್ಯೆಯನ್ನು ತಂದರು; ನೌಬಾದಿನ ಕರೇಜು ಅದಕ್ಕೆ ಸಾಕ್ಷಿ. ಊರೂರಿನ ಪುಣ್ಯವಂತರು ಮೆಟ್ಟಿಲು ಬಾವಿಗಳನ್ನು ಕಟ್ಟಿಸಿದರು. ಆ ಮೆಟ್ಟಿಲುಗಳನ್ನೇ ಇಳಿದು ಬಂದಿತು ನಾರುಹುಣ್ಣು.

ಇಂದಿನ ತರುಣರಿಗೆ ಆ ರೋಗದ ಹೆಸರೂ ತಿಳಿಯದಿರುವುದು ಭಾಗ್ಯ. ಬಾವಿಯ ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಸೂಕ್ಷ್ಮಜಂತುವಿನೊಡನೆ ಹೊಟ್ಟೆಯನ್ನು ಸೇರಿದ ಹುಳವು, ಸುಮಾರು ಒಂದು ವರ್ಷ ದೇಹದಲ್ಲಿ ಅಡಗಿ ಬೆಳೆದು, ಒಂದು ಮೀಟರಿನವರೆಗೂ ಉದ್ದವಾಗಿ, ಕಾಲಿನ ಚರ್ಮವನ್ನು ಸೀಳಿಕೊಂಡು ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ, ತುಂಡಾಗದಂತೆ ದಿನಕ್ಕಿಷ್ಟಿಷ್ಟೆಂದು ಎಳೆಯುವುದೇ ಚಿಕಿತ್ಸೆ. ಉರಿ ತಾಳಲಾರದೆ ರೋಗಿಯು ನೀರು ತರುವ ನೆಪದಲ್ಲಿ ಮೆಟ್ಟಿಲಿಳಿದು ಕಾಲನ್ನು ತಂಪಿನಲ್ಲಿಟ್ಟನೆಂದರೆ, ಹುಳವು ಸಾವಿರಾರು ಮರಿಗಳನ್ನು ಅಲ್ಲಿಯೇ ಬಿಟ್ಟು, ಊರಿಗೆ ಮುಂದಿನ ವರ್ಷದ ರೋಗವನ್ನು ಸಿದ್ಧಗೊಳಿಸುತ್ತಿತ್ತು. ಲಸಿಕೆಯಿಲ್ಲ, ಮದ್ದಿಲ್ಲ. 1980ರ ದಶಕದಲ್ಲಿ ಕೈಗೊಂಡ ರಾಷ್ಟ್ರೀಯ ನಿರ್ಮೂಲನ ಕಾರ್ಯದಲ್ಲಿ, ಕರ್ನಾಟಕವೂ ನೆರೆಯ ಮಹಾರಾಷ್ಟ್ರವೂ ಸೇರಿ ರೋಗಪೀಡಿತ ರಾಜ್ಯಗಳ ಆರೋಗ್ಯ ಸಿಬ್ಬಂದಿಯು ಮಾಡಿದುದು ಮೂರೇ ಸಾಧಾರಣ ಕೆಲಸ: ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸುವುದು, ನೀರಿಗೆ ಸೈಕ್ಲಾಪ್ಸನ್ನು ಕೊಲ್ಲುವ ಔಷಧಿ ಹಾಕುವುದು, ಮೆಟ್ಟಿಲು ಬಾವಿಯನ್ನು ಸೇದುವ ಬಾವಿಯಾಗಿ ಮಾರ್ಪಡಿಸುವುದು. ಕೊನೆಯದು ಸುಲಭವಾಗಿರಲಾರದು, ಅಜ್ಜನು ಪುಣ್ಯಕ್ಕೆಂದು ಕಟ್ಟಿಸಿದ ಮೆಟ್ಟಿಲಿಗೆ ಅಡ್ಡಗೋಡೆ ಹಾಕಿರೆಂದು ಮೊಮ್ಮಗನಿಗೆ ಹೇಳುವುದು ಕಾನೂನಿನ ಪುಸ್ತಕದಿಂದ ಬರುವ ವಿದ್ಯೆಯಲ್ಲ. ದೇಶದ ಕೊನೆಯ ರೋಗಿಯು ಕಂಡುದು 1996ರ ಜುಲೈಯಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು.

ಬಾವಿಯ ಜಾಗಕ್ಕೆ ಈಗ ನಳ ಬಂದಿದೆ. ನಳವು ದಿನವೂ ಬಾರದ ಕಡೆ ಬ್ಯಾರಲು, ನೀರಿನ ಹೌದು, ತಾರಸಿಯ ಮೇಲಿನ ತೊಟ್ಟಿ ಬಂದಿವೆ. ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆಯಾದರೋ ಗಟಾರದ ಕೊಳಕನ್ನು ಒಲ್ಲದು. ಮನೆಯೊಡತಿ ಜತನದಿಂದ ತುಂಬಿಟ್ಟ ತಿಳಿನೀರೇ ಅದಕ್ಕೆ ಪ್ರಿಯ. ಮೊಟ್ಟೆಯಿಂದ ಸೊಳ್ಳೆಯಾಗುವುದಕ್ಕೆ ಒಂದು ವಾರ, ಹತ್ತು ದಿನ ಸಾಕು. ಆದುದರಿಂದಲೇ ವಾರಕ್ಕೊಮ್ಮೆ ಪಾತ್ರೆಗಳನ್ನು ಬರಿದುಮಾಡಿ ಎಂದು ನಿರೀಕ್ಷಕನು ಹೇಳುವುದು, "ಸಾಹೇಬ್ರಾ, ನಳ ಬರೋದೇ ನಾಲ್ಕ ದಿನಕ್ಕೊಮ್ಮಿ, ಇದನ್ನ ಚೆಲ್ಲಿದ್ರ ನಾಳಿ ಏನ್ ಕುಡೀಬೇಕ್ರಿ?" ಎಂದು ಮನೆಯವರು ಕೇಳುವುದು. ಈ ಪ್ರಶ್ನೆಗೆ ಶಾಸನದಲ್ಲಿ ಉತ್ತರವಿಲ್ಲ. 2024ರಲ್ಲಿ ರಾಜ್ಯ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆಗೆ ಎಡೆಗೊಟ್ಟವರಿಗೆ ದಂಡವನ್ನು ವಿಧಿಸಿತು. ಆದರೆ ನೀರೇ ನಿತ್ಯವೂ ಬಾರದ ಓಣಿಯಲ್ಲಿ ದಂಡದ ರಸೀದಿಯನ್ನು ಹರಿಯುವ ಕೈ ನಡುಗದಿದ್ದರೆ, ಆ ಕೈಯಲ್ಲಿ ನ್ಯಾಯಬುದ್ಧಿ ಕಡಮೆಯೆಂದೇ ಹೇಳಬೇಕು. ಬಲ್ಲ ನಿರೀಕ್ಷಕನು ನೀರನ್ನು ಚೆಲ್ಲಿಸುವುದಿಲ್ಲ. ಬಟ್ಟೆಯಲ್ಲಿ ಸೋಸಿ ಬೇರೆ ಕೊಡಕ್ಕೆ ಹಾಕಿಸುತ್ತಾನೆ, ಬಾಯಿಗೆ ಬಿಗಿಯಾಗಿ ಅರಿವೆ ಕಟ್ಟಿಸುತ್ತಾನೆ, ದೊಡ್ಡ ತೊಟ್ಟಿಯಾದರೆ ಲಾರ್ವಾಗಳನ್ನು ತಿನ್ನುವ ಗಪ್ಪಿ ಮೀನನ್ನು ಬಿಡುತ್ತಾನೆ.

ಜಾತ್ರೆ ಬಂದಿತೆಂದರೆ ಇನ್ನೊಂದು ಬಗೆಯ ಪರೀಕ್ಷೆ. ಔರಾದದ ಅಮರೇಶ್ವರನ ಜಾತ್ರೆಗೆ ದನಗಳೂ ಜನಗಳೂ ಸಮಸಮವಾಗಿ ಸೇರುತ್ತವೆ. ಖಾನಾಪುರದ ಮೈಲಾರ ಮಲ್ಲಣ್ಣನಲ್ಲಿಗೆ ಗಡಿಯಾಚೆಯ ಭಕ್ತರೂ ಬರುತ್ತಾರೆ. ಹಿಂದಿನ ಕಾಲದಲ್ಲಿ ವಾಂತಿಭೇದಿಯು ಊರಿಂದೂರಿಗೆ ನಡೆದುದು ಯಾತ್ರಿಕರ ಕಾಲಿನಿಂದಲೇ. ಆದ್ದರಿಂದ ದೇವರ ಪಲ್ಲಕ್ಕಿ ಏಳುವ ಮುನ್ನ ನಿರೀಕ್ಷಕನು ಬ್ಲೀಚಿಂಗ್ ಪುಡಿಯ ಲೆಕ್ಕ ಹಾಕಬೇಕು. ಸಾವಿರ ಲೀಟರು ನೀರಿಗೆ ಒಳ್ಳೆಯ ಪುಡಿ ಸುಮಾರು 2.5 ಗ್ರಾಂ, ಬೆರೆಸಿ ಒಂದು ಗಂಟೆ ಬಿಡಬೇಕು, ಆಮೇಲೂ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ತಾಜಾ ಪುಡಿಯಲ್ಲಿ ಮೂರನೆಯ ಒಂದು ಭಾಗ ಕ್ಲೋರಿನ್ ಇರುವುದಾದರೂ, ಬೇಸಗೆಯ ಬಿಸಿಲಿಗೆ ಬಾಯಿ ತೆರೆದಿಟ್ಟ ಚೀಲದಲ್ಲಿ ವಾಸನೆ ಮಾತ್ರ ಉಳಿದು ಶಕ್ತಿ ಹೋಗಿರುತ್ತದೆ. ಪರೀಕ್ಷಾನಳಿಗೆಯ ನೀರಿಗೆ ಎರಡು ಹನಿ ಪರೀಕ್ಷಾದ್ರಾವಣ ಹಾಕಿ, ಕ್ಲೋರಿನ್ ಉಳಿದಿದೆಯೆಂದು ತೋರಿಸುವ ಹಳದಿ ಬಣ್ಣ ಮೂಡಿತೇ ಎಂದು ನೋಡುವವನಿಗೂ, ಪುಡಿಯನ್ನು ಎರಚಿ ಮರಳುವವನಿಗೂ ಇರುವ ಅಂತರವೇ ಈ ವೃತ್ತಿಯಲ್ಲಿ ಯೋಗ್ಯತೆಯ ಅಳತೆ.

ನನ್ನ ಮಟ್ಟಿಗೆ ಈ ಹುದ್ದೆಯು ದಂಡಾಧಿಕಾರಿಯದಕ್ಕಿಂತ ಶಿಕ್ಷಕನದಕ್ಕೆ ಹತ್ತಿರವಾದುದು. ದಿನವೂ ನಳದಲ್ಲಿ ನೀರು ಬರುವಂತೆ ಮಾಡುವ ಹೊಣೆ ಪೌರಾಡಳಿತದ್ದಾಗಿರುವಾಗ, ಅದರ ಕೊರತೆಯನ್ನು ಈ ಒಬ್ಬನ ರಸೀದಿ ಪುಸ್ತಕದಿಂದ ತುಂಬಿಸಹೊರಡುವುದು ತರವಲ್ಲ. ಆದರೂ ಓದುಗರು ಮಾಡಬಹುದಾದ ಕಾರ್ಯವೊಂದಿದೆ. ನಿರೀಕ್ಷಕನು ಬಂದಾಗ ಹಿತ್ತಿಲ ಬಾಗಿಲನ್ನು ತೆರೆಯಿರಿ. ಬ್ಯಾರಲು ಬರಿದಾದ ದಿನ, ಮತ್ತೆ ತುಂಬುವ ಮೊದಲು, ಅದರ ಒಳಮೈಯನ್ನು ಚೆನ್ನಾಗಿ ಉಜ್ಜಿ ತೊಳೆಯಿರಿ. ಈಡಿಸ್ ಸೊಳ್ಳೆಯ ಮೊಟ್ಟೆಗಳು ನೀರಿನ ಅಂಚಿನ ಮೇಲೆ ಒಳಗೋಡೆಗೆ ಅಂಟಿಕೊಂಡಿರುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ನೀರು ತಾಗಿದೊಡನೆ ಒಡೆಯುತ್ತವೆ.