ಒಂದು ಅಡ್ಡಕೊಯ್ತದಲ್ಲಿ ಇಡೀ ಕೊಳವೆ

ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡೆಯಲ್ಲಿ ಒಬ್ಬರೇ ಸುರಂಗ ಕೊರೆದು ನೀರು ತಂದು ತೋಟ ಎಬ್ಬಿಸಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸುರಂಗದ ನೀರಿಗೆ ಪಂಪು ಬೇಡ. ಆದರೆ ಸಿಗುವ ಒತ್ತಡ ಆ ನೀರು ತುಂಬುವ ಟಾಂಕಿ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ. ಕೇಪುವಿರಲಿ, ಬೆಳ್ತಂಗಡಿ, ಮೂಡುಬಿದಿರೆಯ ಗುಡ್ಡೆಗಳಿರಲಿ, ಹೀಗೆ ಇಳಿದುಬರುವ ನೀರನ್ನು ಮೈಕ್ರೋ ಟ್ಯೂಬಿನಲ್ಲಿ ಅಡಿಕೆ ಬುಡಕ್ಕೆ ಬಿಡುವುದಾದರೆ ಲೆಕ್ಕ ಮೊದಲೇ ಹಾಕಿಕೊಳ್ಳಬೇಕು.

ಟ್ಯೂಬಿನ ಒಳವ್ಯಾಸ 1 ಮಿ.ಮೀ., ಉದ್ದ 1 ಮೀಟರ್, ಗಂಟೆಗೆ 4 ಲೀಟರ್ ನೀರು ಎಂದಿಟ್ಟುಕೊಳ್ಳೋಣ. ಹರಿವಿನ ಬಗೆ ತಿಳಿಸುವ ರೆನಾಲ್ಡ್ಸ್ ಸಂಖ್ಯೆ ಇಲ್ಲಿ ಸುಮಾರು 1,650. ಇದು 2,300ಕ್ಕಿಂತ ಕೆಳಗಿದ್ದರೆ ನೀರು ಸುಳಿಯೇಳದೆ ಪದರ ಪದರವಾಗಿ ಜಾರುತ್ತದೆ. ಗಾಜಿನ ಕೊಳವೆಯಲ್ಲಿ ಬಣ್ಣದ ಎಳೆ ಹರಿಯಬಿಟ್ಟು ಆಸ್ಬೋರ್ನ್ ರೆನಾಲ್ಡ್ಸ್ ಪದರದ ಹರಿವು, ಸುಳಿಯ ಹರಿವು ಎಂಬ ಎರಡು ಬಗೆಗಳನ್ನು ವಿವರಿಸಿದ್ದು 1883ರಲ್ಲಿ.

ನೀರು ಒಳಹೋಗುವ ಬಾಯಿಯಿಂದ ಸುಮಾರು 10 ಸೆಂ.ಮೀ. ದಾಟಿದ ಮೇಲೆ ಟ್ಯೂಬನ್ನು ಬಾಳೆದಿಂಡಿನಂತೆ ಎಲ್ಲಿ ಅಡ್ಡ ಕೊಯ್ದರೂ ನೀರಿನ ವೇಗದ ಚಿತ್ರ ಒಂದೇ: ಗೋಡೆಯಲ್ಲಿ ಸೊನ್ನೆ, ನಡುವೆ ಸರಾಸರಿಯ ಎರಡರಷ್ಟು. ಹಾಗಿರುವಾಗ ಹರಿವಿನ ಲೆಕ್ಕಕ್ಕೆ ಇಡೀ ಉದ್ದವನ್ನು ಕಂಪ್ಯೂಟರಿಗೆ ತುಂಬಿಸುವುದೇಕೆ? ಅಡ್ಡಕೊಯ್ತಕ್ಕೆ 1,600 ಚೌಕಗಳು, ಉದ್ದಕ್ಕೆ 1,000 ಹೋಳುಗಳು ಎಂದರೆ 16 ಲಕ್ಷ ಕೋಶಗಳ ಲೆಕ್ಕ. ಒಂದೇ ಅಡ್ಡಕೊಯ್ತ ಸಾಕೆಂದರೆ 1,600. ಮೀಟರಿಗೆ ಒತ್ತಡ ಎಷ್ಟು ಇಳಿಯುತ್ತದೆ ಎಂಬ ಒಂದು ಅಂಕಿ ಕೊಟ್ಟರೆ ಉಳಿದದ್ದನ್ನು ಆ ಅಡ್ಡಕೊಯ್ತವೇ ಹೇಳುತ್ತದೆ. ನಮ್ಮ ಟ್ಯೂಬಿನಲ್ಲಿ ಘರ್ಷಣೆಗೇ ಸುಮಾರು 4 ಮೀಟರ್ ಎತ್ತರದ ಒತ್ತಡ ಖರ್ಚಾಗುತ್ತದೆ.

ಇಂಜಿನಿಯರಿಂಗ್ ವಿದ್ಯಾರ್ಥಿಯೂ ಎಡವಬಹುದಾದ ಜಾಗ ಬೇರೆ ಇದೆ. ಎರಡು ಆಯಾಮ ಎಂದಾಕ್ಷಣ ಕೊಳವೆಯನ್ನು ಉದ್ದಕ್ಕೆ ಸೀಳಿ ಆಯತ ಬರೆದರೆ, ಕಂಪ್ಯೂಟರು ಅದನ್ನು ಎರಡು ಹಲಗೆಗಳ ನಡುವಿನ ಹರಿವು ಎಂದೇ ತಿಳಿಯುತ್ತದೆ. ಆಗ ನಡುವಿನ ವೇಗ ಸರಾಸರಿಯ ಒಂದೂವರೆಯಷ್ಟೇ. ಉತ್ತರ ಅಂದವಾಗಿಯೇ ಬರುತ್ತದೆ, ಆದರೆ ಕೊಳವೆಯದಲ್ಲ! ಉದ್ದದ ಸೀಳೇ ಬೇಕೆಂದರೆ ಅದು ಅಕ್ಷದ ಸುತ್ತ ತಿರುಗುತ್ತದೆ ಎಂದು ತಂತ್ರಾಂಶಕ್ಕೆ ತಿಳಿಸಬೇಕು. ಬಾಯಿಯ ಹತ್ತಿರದ ಆ 10 ಸೆಂ.ಮೀ.ಗೆ ಬೇಕಾದದ್ದು ಈ ವಿಧಾನವೇ.

ಟ್ಯೂಬನ್ನು ಸುರುಳಿ ಸುತ್ತಿದರೆ ಅಡ್ಡ ಸುಳಿಗಳು ಹುಟ್ಟುತ್ತವೆ. ಸರಳ ಲೆಕ್ಕ ಅಲ್ಲಿಗೆ ಮುಗಿಯಿತು. ಇನ್ನು ಪಾಚಿ. ಹರಿವು ವ್ಯಾಸದ ನಾಲ್ಕನೇ ಘಾತವನ್ನು ಅನುಸರಿಸುವುದರಿಂದ, ಪಾಚಿ ಕಟ್ಟಿ 1 ಮಿ.ಮೀ. ಇದ್ದದ್ದು 0.9 ಆದರೆ ಅದೇ ಒತ್ತಡದಲ್ಲಿ ಬರುವ ನೀರು ಸುಮಾರು ಶೇಕಡಾ 34 ಕಡಿಮೆ.