ಕ್ಯಾಸೆಟ್ಟಿಗೆ ಊದುತ್ತಿದ್ದ ಕಾಲ

ಅಂಬತ್ತೂರೆಂದರೆ ಯಂತ್ರಗಳ ಊರು. 1949ರಲ್ಲಿ ಟಿ.ಐ. ಸೈಕಲ್ ಸಂಸ್ಥೆಯು ಇಲ್ಲಿ ನೆಲೆಗೊಂಡಿತು. 1964ರಲ್ಲಿ ಕೈಗಾರಿಕಾ ವಸಾಹತು ತಲೆಯೆತ್ತಿತು. ಲೇತು, ಪ್ರೆಸ್ಸುಗಳ ಸದ್ದಿನ ನಡುವೆ ಕಾಫಿ ಹೊತ್ತು ತಿರುಗಿದ ನಮ್ಮ ಮಾಣಿಗಳಿಗೂ, ಕಾರ್ಖಾನೆಗಳ ಲೆಕ್ಕ ಬರೆದ ನಮ್ಮ ಗುಮಾಸ್ತರಿಗೂ ಯಂತ್ರವೆಂಬುದು ಅನ್ನ ಕೊಡುವ ವಸ್ತುವಾಗಿತ್ತು. ಎಚ್ಚರ ತಪ್ಪಿದರೆ ಬೆರಳು ಕೇಳುವ ವಸ್ತುವೂ ಆಗಿತ್ತು. ಕೇವಲ ಆಡುವುದಕ್ಕೆಂದೇ ಯಂತ್ರವೊಂದು ಇರಬಹುದೆಂಬ ಸಂಗತಿ ನಮ್ಮವರ ಅರಿವಿಗೆ ಬಂದುದು ತಡವಾಗಿ. ಆ ಆಟಗಳನ್ನು ಕುರಿತು ಇಲ್ಲಿ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ಹುಡುಗಾಟಿಕೆಯ ವಿಷಯವೆಂದು ಹಿರಿಯ ವಾಚಕರು ಪುಟ ತಿರುವಬಾರದಾಗಿ ವಿನಂತಿ.

ಅಂಬತ್ತೂರಿನಿಂದ ಲೋಕಲ್ ರೈಲಿನಲ್ಲಿ ಹೋಗಿ ಬೀಚ್ ಸ್ಟೇಷನ್ನಿನಲ್ಲಿ ಇಳಿದರೆ ಹತ್ತಿರದಲ್ಲೇ ಬರ್ಮಾ ಬಜಾರು. ಬರ್ಮಾದಲ್ಲಿ ಸರ್ವಸ್ವವನ್ನೂ ಬಿಟ್ಟು ಬಂದ ತಮಿಳರು 1969ರಲ್ಲಿ ಕಟ್ಟಿಕೊಂಡ ಅಂಗಡಿಸಾಲು ಅದು. ಪರದೇಶದ ರೇಡಿಯೋ, ಗಡಿಯಾರಗಳ ಜೊತೆಗೆ ಆಟದ ಪೆಟ್ಟಿಗೆಗಳೂ ಅಲ್ಲಿ ಮಾರಾಟಕ್ಕೆ ಬಂದವು. ಜಪಾನಿನ ನಿಂಟೆಂಡೊ ಸಂಸ್ಥೆಯು 1983ರಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರದ ಅಗ್ಗದ ನಕಲುಗಳವು. ಜನರ ಬಾಯಲ್ಲಿ ಬರಿಯ 'ಟಿ.ವಿ. ಗೇಮ್'. ಕೊಂಡು ಮನೆಗೆ ತರುವ ಶಕ್ತಿ ಎಷ್ಟು ಮಂದಿಗಿತ್ತು? 1990ರ ದಶಕದಲ್ಲಿ ಬೀದಿಯ ಮೂಲೆಯ ಅಂಗಡಿಗಳು ಅವನ್ನು ಹಳೆಯ ಟಿ.ವಿ.ಗೆ ಜೋಡಿಸಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಿದ್ದವು. ಮಧ್ಯಾಹ್ನದ ಊಟದ ಗದ್ದಲ ಅಡಗಿ ಸಂಜೆಯ ಕಾಫಿಗೆ ಒಲೆ ಹೊತ್ತುವವರೆಗೆ ಹೋಟೆಲಿನ ಹುಡುಗನಿಗೆ ದೊರೆಯುವ ಬಿಡುವಿಗೆ ಆ ಗಂಟೆಯ ಲೆಕ್ಕ ಹೇಳಿ ಮಾಡಿಸಿದಂತಿತ್ತು. ಆಟಕ್ಕೆ ತಮಿಳೂ ಬೇಡ, ಇಂಗ್ಲಿಷೂ ಬೇಡ. ಊರು ಬಿಟ್ಟು ಮೂರು ದಿನವಾದ, 'ತಣ್ಣಿ' ಎಂದರೆ ನೀರೆಂದಷ್ಟೇ ಕಲಿತ ಕುಂದಾಪುರದ ಹುಡುಗನೂ ಅಲ್ಲಿ ಯಾರಿಗೂ ಕಡಿಮೆಯಾಗದೆ ಕೂಡಬಹುದಾಗಿತ್ತು.

ಆಟದ ಕ್ಯಾಸೆಟ್ಟು ಮೊಂಡು ಹಿಡಿದರೆ ಹೊರತೆಗೆದು, ಬಾಯಿಂದ ಊದಿ, ಮತ್ತೆ ಸಿಕ್ಕಿಸುವುದು ಸರ್ವರಿಗೂ ತಿಳಿದ ವೈದ್ಯ. ಊದಿದ್ದರಿಂದ ಆಗುತ್ತಿದ್ದ ಉಪಕಾರ ಏನೂ ಇಲ್ಲವಂತೆ. ತೆಗೆದು ಮತ್ತೆ ಕೂರಿಸಿದಾಗ ಲೋಹದ ತುದಿಗಳು ಸರಿಯಾಗಿ ತಾಗುತ್ತಿದ್ದವು, ಅಷ್ಟೆ. ಉಗುಳಿನ ತೇವವು ಲೋಹಕ್ಕೆ ತುಕ್ಕು ತರುತ್ತದೆಂದು ತಯಾರಕರೇ ಎಚ್ಚರಿಸಿದ್ದರು. ಕ್ಯಾಸೆಟ್ಟಿನ ಮೇಲೆ '9999 ಆಟಗಳು' ಎಂದು ಅಚ್ಚಾಗಿದ್ದರೂ ಒಳಗಿದ್ದವು ಬೆರಳೆಣಿಕೆಯವು, ಅವೇ ಹೆಸರು ಬದಲಿಸಿ ಮರಳಿ ಬರುತ್ತಿದ್ದವು. ಫಲಕದಲ್ಲಿ ನಲವತ್ತು ತಿಂಡಿ ಬರೆದು ಒಳಗೆ ನಾಲ್ಕನ್ನೇ ಬೇಯಿಸುವ ಹೋಟೆಲುಗಳನ್ನು ಕಂಡ ನಮ್ಮವರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ.

1985ರ ಸೂಪರ್ ಮಾರಿಯೋ ಆಟವನ್ನೇ ನೋಡಿರಿ. ಮೂವತ್ತೆರಡು ಹಂತಗಳ ಆ ಇಡೀ ರಾಜ್ಯ ಅಡಕವಾಗಿದ್ದುದು 40 ಕಿಲೋಬೈಟುಗಳಲ್ಲಿ. ಇಂದು ಫೋನಿನಲ್ಲಿ ತೆಗೆದ ಒಂದೇ ಚಿತ್ರವು ಅದರ ಐವತ್ತು ಪಟ್ಟು ಜಾಗವನ್ನು ಬೇಡುವುದುಂಟು. ಆಕಾಶದ ಮೋಡವನ್ನೂ ನೆಲದ ಪೊದೆಯನ್ನೂ ಹೋಲಿಸಿ ನೋಡಿದವರಿಗೆ ಗುಟ್ಟು ತಿಳಿಯುತ್ತದೆ: ಎರಡೂ ಒಂದೇ ಚಿತ್ರ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಒಂದೇ ಹಿಟ್ಟಿನಿಂದ ಬೆಳಗ್ಗೆ ಇಡ್ಲಿ, ಹತ್ತು ಗಂಟೆಗೆ ದೋಸೆ, ಸಂಜೆ ಹುಳಿ ಬಂದ ಮೇಲೆ ಊತಪ್ಪ ತೆಗೆಯುವ ನಮ್ಮ ಭಟ್ಟರಿಗೆ ಈ ಜಾಣತನದ ಬೆಲೆಯನ್ನು ನಾವು ವಿವರಿಸಬೇಕಾಗಿಲ್ಲ. 1978ರ ಸ್ಪೇಸ್ ಇನ್ವೇಡರ್ಸ್ ಆಟದಲ್ಲಿ ಶತ್ರುಗಳು ಕಡಿಮೆಯಾದಷ್ಟೂ ಉಳಿದವರ ವೇಗ ಹೆಚ್ಚುತ್ತಿತ್ತು. ಅದು ಮೊದಲು ಬೇಕೆಂದು ಮಾಡಿದ್ದಲ್ಲ. ಎಲ್ಲರನ್ನೂ ಒಟ್ಟಿಗೆ ಚಿತ್ರಿಸಲು ಯಂತ್ರಕ್ಕೆ ತ್ರಾಣವಿರಲಿಲ್ಲ. ಪಂಕ್ತಿಯಲ್ಲಿ ಎಲೆಗಳು ಕಡಿಮೆಯಾದಂತೆ ಬಡಿಸುವವನ ಸುತ್ತು ಬೇಗ ಮುಗಿಯುವುದಿಲ್ಲವೇ, ಹಾಗೆ. ನಿರ್ಮಾಪಕ ತೊಮೊಹಿರೊ ನಿಶಿಕಾಡೊ ಅದನ್ನು ಗಮನಿಸಿ, ಸೊಗಸಾಗಿದೆಯೆಂದು ಹಾಗೆಯೇ ಉಳಿಸಿಕೊಂಡರು.

ಗುಮಾಸ್ತರ ಆಟವೇ ಬೇರೆ. ಕಚೇರಿಗಳಿಗೆ ಗಣಕಯಂತ್ರ ಬಂದಾಗ ಅದರೊಳಗೆ ಇಸ್ಪೀಟು ಕುಳಿತೇ ಬಂದಿತು. 1990ರಲ್ಲಿ ವಿಂಡೋಸ್ 3.0ರೊಡನೆ ಕೊಟ್ಟ ಸಾಲಿಟೇರ್ ಆಟವು ಲೆಡ್ಜರು ಹಿಡಿದ ಕೈಗಳಿಗೆ ಮೌಸು ಹಿಡಿದು ಎಳೆಯುವುದನ್ನು ಸದ್ದಿಲ್ಲದೆ ಕಲಿಸಿತು. ಅದನ್ನು ಬರೆದ ವೆಸ್ ಚೆರ್ರಿ 1988ರಲ್ಲಿ ಮೈಕ್ರೋಸಾಫ್ಟಿನಲ್ಲಿ ತರಬೇತಿಗಿದ್ದ ಯುವಕ. ಮೇಲಧಿಕಾರಿ ಬಂದರೆ ಒತ್ತಿದೊಡನೆ ಇಸ್ಪೀಟು ಮಾಯವಾಗಿ ಲೆಕ್ಕದ ಹಾಳೆಯ ಸೋಗು ತೋರುವ ಕೀಲಿಯೊಂದನ್ನೂ ಆತ ಇಟ್ಟಿದ್ದನು. ಸಂಸ್ಥೆಯು ಅದನ್ನು ತೆಗೆಸಿತು. ಆ ಕೀಲಿ ಉಳಿದಿದ್ದರೆ ಎಷ್ಟು ಗುಮಾಸ್ತರು ಉಳಿಯುತ್ತಿದ್ದರೋ! 2006ರಲ್ಲಿ ನ್ಯೂಯಾರ್ಕಿನ ಮೇಯರ್ ಬ್ಲೂಮ್‌ಬರ್ಗ್ ಅವರು ನಗರದ ಕಚೇರಿಯೊಂದಕ್ಕೆ ಹೋದಾಗ ನೌಕರನೊಬ್ಬನ ಗಣಕದಲ್ಲಿ ಈ ಆಟ ಕಂಡು ಅವನನ್ನು ಕೆಲಸದಿಂದ ತೆಗೆದರು. ಕೋಟಿಗಟ್ಟಲೆ ಜನ ಆಡಿದ ಆಟಕ್ಕೆ ಚೆರ್ರಿಗೆ ಬಂದ ಗೌರವಧನ ಸೊನ್ನೆ.

ಮಾಸ್ಕೋದ ಕಥೆಯೂ ಹೆಚ್ಚು ಬೇರೆಯಲ್ಲ. 1984ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಯ ಸಂಬಳಗಾರ ಅಲೆಕ್ಸಿ ಪಜಿತ್ನೊವ್ ಟೆಟ್ರಿಸ್ ರಚಿಸಿದನು. ಅವನ ಯಂತ್ರಕ್ಕೆ ಚಿತ್ರ ಬರೆಯಲು ಬಾರದು. ಆದುದರಿಂದ ಆವರಣ ಚಿಹ್ನೆಗಳನ್ನೇ ಇಟ್ಟಿಗೆಗಳಾಗಿ ಜೋಡಿಸಿದನು. ಹಕ್ಕು ಸರ್ಕಾರದ ಪಾಲಾಯಿತು. ಅವನಿಗೆ ಅದರ ಆದಾಯ ಬರಲಾರಂಭಿಸಿದ್ದು 1996ರಿಂದ. ಅಷ್ಟರಲ್ಲಿ ಅವನ ಇಟ್ಟಿಗೆಗಳು, ಎರಡು ಪೆನ್ಸಿಲ್ ಸೆಲ್ಲಿನ ಅಗ್ಗದ 'ಬ್ರಿಕ್ ಗೇಮ್' ಆಗಿ, ನಮ್ಮ ಹುಡುಗರ ಟ್ರಂಕುಗಳನ್ನು ಸೇರಿದ್ದವು.

ಅಂಗಡಿಗಳು ಮುಚ್ಚಿದವು, ಟ್ರಂಕುಗಳೂ ಹೋದವು. ಅದೇ ಬಿಡುವಿನ ಹೊತ್ತಿಗೆ ಈಗ ಕೈಯಲ್ಲಿ ಫೋನಿದೆ. ಹಣ ಕಟ್ಟಿ ಆಡುವ ರಮ್ಮಿ ಅದರೊಳಗೆ ಬಂದಿತು. ಹಳೆಯ ಪೆಟ್ಟಿಗೆಯು ಬಾಡಿಗೆ ತಿಂದು ಅಂಕಿಯೊಂದನ್ನು ತೋರಿಸುತ್ತಿತ್ತು. ಗೆದ್ದವನಿಗೂ ಕಾಸು ಕೊಡುತ್ತಿರಲಿಲ್ಲ, ಸೋತವನ ಮುಂದಿನ ತಿಂಗಳಿಗೆ ಕೈಹಾಕುತ್ತಲೂ ಇರಲಿಲ್ಲ. ತಮಿಳುನಾಡು ವಿಧಾನಸಭೆಯು 2022ರಲ್ಲಿ ಇದಕ್ಕೆ ತಡೆಯೊಡ್ಡುವ ಮಸೂದೆಯನ್ನು ಅಂಗೀಕರಿಸಿತು. ರಮ್ಮಿ ಜಾಣ್ಮೆಯ ಆಟವೆಂದು 2023ರಲ್ಲಿ ಮದ್ರಾಸ್ ಹೈಕೋರ್ಟು ಅದನ್ನು ನಿಷೇಧದಿಂದ ಬಿಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಶಾಸನವನ್ನು ಮಾಡಿತು. ಆ ಮೂರು ವರ್ಷಗಳಲ್ಲಿ ಊರಿಗೆ ಹೋಗಬೇಕಾಗಿದ್ದ ಮನಿಯಾರ್ಡರುಗಳು ಎಷ್ಟು ನಿಂತವೆಂಬ ಲೆಕ್ಕವನ್ನು ಹೋಟೆಲುಗಳ ಮೇಲಟ್ಟದ ಕೋಣೆಗಳಲ್ಲಿ ಕೇಳಬೇಕು.