ಕಂಠದಾನ: ದನಿ, ಹೆಸರು ಮತ್ತು ಹಕ್ಕು

ಒಬ್ಬರ ಮುಖಕ್ಕೆ ಮತ್ತೊಬ್ಬರು ದನಿಯಾಗುವ ಕೆಲಸಕ್ಕೆ ಕನ್ನಡ ಚಲನಚಿತ್ರರಂಗದಲ್ಲಿ ರೂಢಿಗೆ ಬಂದಿರುವ ಪದ 'ಕಂಠದಾನ'. ಧರ್ಮಶಾಸ್ತ್ರದ ಪರಿಭಾಷೆಯಲ್ಲಿ ದಾನವೆಂದರೆ ಒಂದು ವಸ್ತುವಿನ ಮೇಲಿನ ತನ್ನ ಸ್ವತ್ವವನ್ನು ತೊರೆದು ಅದನ್ನು ಪರರದಾಗಿಸುವುದು. ಡಬ್ಬಿಂಗ್ ಕಲಾವಿದರು ಸಂಭಾವನೆ ಪಡೆದು ದುಡಿಯುವವರು. ಅವರದು ದಾನವಲ್ಲ, ವೃತ್ತಿ. ಆದರೂ ಈ ಪದವು ಅರಿಯದೆಯೇ ಒಂದು ವಾಸ್ತವವನ್ನು ಸೂಚಿಸುತ್ತದೆ. ಆಡಿದ ಮಾತು ಆಡಿದವರ ಹೆಸರಿನಲ್ಲಿ ಉಳಿಯದೆ ತೆರೆಯ ಮೇಲಿನ ಮುಖದ ಖಾತೆಗೆ ಜಮೆಯಾಗುತ್ತದೆ. ಈ ವೃತ್ತಿಯ ಸ್ವರೂಪವನ್ನೂ, ಅದರಲ್ಲಿ ಹೆಸರಿಗೂ ಹಕ್ಕಿಗೂ ಇರುವ ಸಂಬಂಧವನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆ ಕಂಡಿತು. ಆ ಕಾಲದಲ್ಲಿ ಚಿತ್ರೀಕರಣದ ಜೊತೆಯಲ್ಲಿಯೇ ಮಾತೂ ಮುದ್ರಣಗೊಳ್ಳುತ್ತಿದ್ದುದರಿಂದ ನಟರ ದೇಹ ಮತ್ತು ದನಿ ಬೇರ್ಪಡುವಂತಿರಲಿಲ್ಲ. ದನಿಯನ್ನು ಅನಂತರ ಜೋಡಿಸುವ ತಂತ್ರ ಬಂದೊಡನೆ ಎರಡು ಬಗೆಯ ಕಂಠದಾನ ಸಾಧ್ಯವಾಯಿತು. ಒಂದು, ಅದೇ ಭಾಷೆಯ ಚಿತ್ರದಲ್ಲಿ ನಟರ ಬದಲು ಇನ್ನೊಬ್ಬರು ಮಾತನಾಡುವುದು. ಮತ್ತೊಂದು, ಇಡೀ ಚಿತ್ರವನ್ನು ಬೇರೊಂದು ಭಾಷೆಗೆ ತರುವುದು. 1943ರ ಕನ್ನಡ 'ಸತ್ಯ ಹರಿಶ್ಚಂದ್ರ'ವನ್ನು ಎ. ವಿ. ಮೇಯಪ್ಪನ್ ಅವರು ತಮಿಳಿಗೆ ಡಬ್ ಮಾಡಿದರು. ಭಾರತದಲ್ಲಿ ಈ ಎರಡನೆಯ ಬಗೆಗೆ ಇದನ್ನೇ ಮೊದಲ ನಿದರ್ಶನವೆಂದು ಚಲನಚಿತ್ರ ಚರಿತ್ರೆಕಾರರು ಗುರುತಿಸುತ್ತಾರೆ.

ಹೀಗೆ ಮೂಲವನ್ನು ಒದಗಿಸಿದ ಕನ್ನಡವೇ ಮುಂದೆ ಡಬ್ಬಿಂಗಿಗೆ ಬಾಗಿಲು ಮುಚ್ಚಿತು. 1960ರ ದಶಕದಲ್ಲಿ ಕನ್ನಡ ಚಳವಳಿಯ ಭಾಗವಾಗಿ ಮೂಡಿದ ವಿರೋಧವು ಶಾಸನವಾಗದಿದ್ದರೂ ಉದ್ಯಮದ ಕಟ್ಟುಪಾಡಾಗಿ ದಶಕಗಳ ಕಾಲ ನಡೆಯಿತು. ಇದರ ಪರಿಣಾಮವಾಗಿ ಕನ್ನಡದ ಕಂಠದಾನ ಕಲಾವಿದರಿಗೆ ಚಲನಚಿತ್ರಗಳಲ್ಲಿ ಮುಖ್ಯವಾಗಿ ದೊರೆತದ್ದು ಮೊದಲ ಬಗೆಯ ಕೆಲಸ, ಅದರಲ್ಲಿಯೂ ಪರಭಾಷೆಯಿಂದ ಬಂದ ನಾಯಕಿಯರಿಗೆ ಕನ್ನಡದ ನಾಲಗೆಯಾಗುವುದು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವ ಕ್ರಮಗಳ ವಿರುದ್ಧ ಆದೇಶ ನೀಡಿದ ಬಳಿಕ ಸ್ಥಿತಿ ಬದಲಾಗತೊಡಗಿ, ಡಬ್ ಆದ ಚಿತ್ರಗಳೂ ಧಾರಾವಾಹಿಗಳೂ ಕನ್ನಡದಲ್ಲಿ ಬಂದವು.

ಈ ಕೆಲಸವನ್ನು ಓದಿ ಒಪ್ಪಿಸುವ ಕ್ರಿಯೆಯೆಂದು ಭಾವಿಸುವುದು ಸರಿಯಲ್ಲ. ಭರತನು ಹೇಳಿದ ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕಗಳೆಂಬ ನಾಲ್ಕು ಬಗೆಯ ಅಭಿನಯಗಳಲ್ಲಿ ವಾಚಿಕವು ಸಂಪೂರ್ಣವಾಗಿ ಇವರದೇ. ತುಂಡು ತುಂಡಾಗಿ ಮೂಡುವ ದೃಶ್ಯವನ್ನು ನೋಡುತ್ತ, ಬೇರೊಬ್ಬರ ಉಸಿರಿನ ಲಯಕ್ಕೆ ತಮ್ಮ ಉಸಿರನ್ನು ಹೊಂದಿಸಬೇಕು. ಓಡದೆಯೇ ಏದುಸಿರು ಬಿಡಬೇಕು, ಮೈಕಿನ ಮುಂದೆ ನಿಂತಲ್ಲಿಯೇ ಅಳಬೇಕು. ಪ, ಬ, ಮ ಮುಂತಾದ ಓಷ್ಠ್ಯ ವರ್ಣಗಳಲ್ಲಿ ತುಟಿ ಮುಚ್ಚುವುದು ಪ್ರೇಕ್ಷಕರಿಗೆ ಸ್ಪಷ್ಟವಾಗಿ ಕಾಣುವುದರಿಂದ ಆ ಸ್ಥಾನಗಳಲ್ಲಿ ಅಂಥದೇ ವರ್ಣವಿರುವ ಪದವನ್ನು ಆಯ್ದುಕೊಳ್ಳಬೇಕಾಗುತ್ತದೆ. ಭಾಷಾಂತರದಲ್ಲಿ ತೊಡಕು ಇನ್ನೂ ಹೆಚ್ಚು. ಹಿಂದಿಯಲ್ಲಿ ವ್ಯಂಜನಾಂತ ಪದಗಳು ಹೇರಳ; ಕನ್ನಡದ ಪದಗಳು ಬಹುಮಟ್ಟಿಗೆ ಸ್ವರಾಂತ. ತೆರೆಯ ಮೇಲಿನ ತುಟಿ ಮುಚ್ಚಿದ ಮೇಲೂ ಕನ್ನಡದ ಕೊನೆಯ ಸ್ವರ ಉಳಿದಿರಬಹುದು. ಅದನ್ನು ಸಹಜವೆನಿಸುವಂತೆ ಅಡಗಿಸುವುದು ಕಲಾವಿದರ ನೈಪುಣ್ಯ.

ಇಷ್ಟು ನೈಪುಣ್ಯ ಬೇಡುವ ವೃತ್ತಿಗೆ ಸಾರ್ವಜನಿಕ ಮನ್ನಣೆ ಏಕೆ ವಿರಳ? ಹಿನ್ನೆಲೆ ಗಾಯನದೊಡನೆ ಹೋಲಿಸಿದರೆ ಕಾರಣ ಹೊಳೆಯುತ್ತದೆ. 1949ರ ಹಿಂದಿ ಚಿತ್ರ 'ಮಹಲ್'ನ ಪ್ರಸಿದ್ಧ ಗೀತೆಯ ಧ್ವನಿಮುದ್ರಿಕೆಯ ಮೇಲೆ ಮೊದಲು ಇದ್ದುದು ಪಾತ್ರದ ಹೆಸರು; ಲತಾ ಮಂಗೇಶ್ಕರ್ ಅವರ ಹೆಸರು ಬಂದದ್ದು ಕೇಳುಗರು ವಿಚಾರಿಸತೊಡಗಿದ ಮೇಲೆ. ಹಾಡು ಚಿತ್ರದಿಂದ ಬಿಡಿಸಿಕೊಂಡು ರೇಡಿಯೋದಲ್ಲಿ ಸ್ವತಂತ್ರವಾಗಿ ಬಾಳಿದ್ದರಿಂದಲೇ ಹಾಡಿದವರಾರೆಂಬ ಪ್ರಶ್ನೆ ಹುಟ್ಟಿತು. ಆಡಿದ ಮಾತಿಗೆ ಅಂಥ ಸ್ವತಂತ್ರ ಬಾಳುವೆಯಿಲ್ಲ. ಮುಖಕ್ಕೆ ಎಷ್ಟು ಚೆನ್ನಾಗಿ ಒಪ್ಪಿದರೆ ಅಷ್ಟು ಪೂರ್ಣವಾಗಿ ಆಡಿದವರು ಮರೆಯಾಗುತ್ತಾರೆ.

ಮಲಯಾಳದ 'ಮಣಿಚಿತ್ರತ್ತಾಳ್' (1993) ಇದಕ್ಕೆ ತಕ್ಕ ಉದಾಹರಣೆ. ಇದರ ನಟನೆಗೆ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಸಂದಿತು. ಗಂಗಾ ಪಾತ್ರಕ್ಕೆ ಕಂಠ ನೀಡಿದವರು ಭಾಗ್ಯಲಕ್ಷ್ಮಿ. ಅದೇ ಪಾತ್ರ ನಾಗವಲ್ಲಿಯಾಗಿ ತಮಿಳಿನಲ್ಲಿ ಆಡುವ ಮಾತುಗಳು ದುರ್ಗಾ ಎಂಬ ಕಲಾವಿದೆಯವು. ಈ ಎರಡನೆಯ ಸಂಗತಿ ವ್ಯಾಪಕವಾಗಿ ತಿಳಿದುಬಂದದ್ದು ಎರಡು ದಶಕಗಳು ಕಳೆದ ಮೇಲೆ. ಹೆಸರು ದೊರೆತ ಕೆಲವರ ಹಾದಿಯೂ ಇದನ್ನೇ ಸಮರ್ಥಿಸುತ್ತದೆ. ತೆಲುಗಿನಲ್ಲಿ ರಾಜಶೇಖರ್, ಸುಮನ್ ಮೊದಲಾದವರಿಗೆ ಕಂಠ ನೀಡುತ್ತಿದ್ದ ಸಾಯಿಕುಮಾರ್ ಕನ್ನಡಿಗರ ಮನೆಮಾತಾದದ್ದು 'ಪೊಲೀಸ್ ಸ್ಟೋರಿ' (1996) ಚಿತ್ರದ ನಾಯಕರಾಗಿ. ಅವರ ಸೋದರ ರವಿಶಂಕರ್ 'ಕೆಂಪೇಗೌಡ'ದ (2011) ಖಳನಾಗಿ. ದನಿಯಿಂದ ಬೆಳೆದ ಇಬ್ಬರಿಗೂ ಕನ್ನಡದಲ್ಲಿ ಹೆಸರು ಬಂದದ್ದು ಆ ದನಿಗೆ ಸ್ವಂತ ಮುಖ ಸೇರಿದ ಮೇಲೆ.

ಹೆಸರಿನ ಪ್ರಶ್ನೆ ಕೇವಲ ಕೀರ್ತಿಯದಲ್ಲ. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯಿದೆಯು ಪ್ರದರ್ಶಕರಿಗೆ ತಮ್ಮನ್ನು ಗುರುತಿಸಬೇಕೆಂದು ಕೇಳುವ ಹಕ್ಕನ್ನೂ, ತಮ್ಮ ಪ್ರದರ್ಶನವನ್ನು ಮಾನಕ್ಕೆ ಕುಂದು ಬರುವಂತೆ ವಿಕೃತಗೊಳಿಸುವುದನ್ನು ತಡೆಯುವ ಹಕ್ಕನ್ನೂ ನೀಡುತ್ತದೆ. ಆದರೆ ಚಲನಚಿತ್ರದಲ್ಲಿ ಯಾರ ಪಾತ್ರ ಆಕಸ್ಮಿಕವೋ ಆನುಷಂಗಿಕವೋ ಆಗಿದ್ದು, ಉದ್ಯಮದ ರೂಢಿಯಂತೆ ಹೆಸರಿನ ಪಟ್ಟಿಯಲ್ಲಿಯೂ ನಮೂದಾಗುವುದಿಲ್ಲವೋ ಅವರಿಗೆ ವಿಕೃತಿಯನ್ನು ತಡೆಯುವ ಹಕ್ಕನ್ನುಳಿದು ಪ್ರದರ್ಶಕರೆಂಬ ಮಾನ್ಯತೆಯಿಲ್ಲ. ಕಾಯಿದೆಯ ದೃಷ್ಟಿಯಲ್ಲಿಯೂ ಹೆಸರಿನ ಪಟ್ಟಿಗೆ ಇಷ್ಟು ತೂಕವಿದೆ.

ಯಂತ್ರವು ಮನುಷ್ಯರ ದನಿಯನ್ನು ಅನುಕರಿಸಬಲ್ಲ ಇಂದು ಈ ಪ್ರಶ್ನೆ ತೀವ್ರವಾಗಿದೆ. ಪುನೀತ್ ರಾಜ್‌ಕುಮಾರ್ ಅವರ ನಿಧನಾನಂತರ 'ಜೇಮ್ಸ್' ಚಿತ್ರವು 2022ರ ಮಾರ್ಚ್‌ನಲ್ಲಿ ಅವರ ಅಣ್ಣ ಶಿವರಾಜ್‌ಕುಮಾರ್ ಅವರ ಕಂಠದೊಡನೆ ತೆರೆ ಕಂಡಿತು. ಮರುತಿಂಗಳು, ತಂತ್ರಜ್ಞಾನದ ನೆರವಿನಿಂದ ರೂಪಿಸಿದ ಪುನೀತರದೇ ದನಿಯೊಡನೆ ಮತ್ತೆ ಪ್ರದರ್ಶನಗೊಂಡಿತು. 2024ರಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಅನುಮತಿಯಿಲ್ಲದೆ ಅನುಕರಿಸುವುದಕ್ಕೆ ಮುಂಬಯಿ ಉಚ್ಚ ನ್ಯಾಯಾಲಯ ಮಧ್ಯಂತರ ತಡೆ ನೀಡಿತು. ಈ ಎರಡೂ ಸಂದರ್ಭಗಳಲ್ಲಿ ದನಿ ಯಾರದೆಂಬುದು ಜನರಿಗೆ ಗೊತ್ತಿತ್ತು. ಹೆಸರೇ ತಿಳಿಯದ ಕಂಠದಾನ ಕಲಾವಿದರ ದನಿ ನಕಲಾದರೆ ಅದನ್ನು ಗುರುತಿಸಿ ಆಕ್ಷೇಪಿಸುವವರು ಯಾರು? ಆದ್ದರಿಂದ ಪ್ರತಿ ಪಾತ್ರದ ಎದುರು ದನಿ ನೀಡಿದವರ ಹೆಸರನ್ನು ನಮೂದಿಸುವುದು ಸೌಜನ್ಯವಷ್ಟೇ ಅಲ್ಲ, ಹಕ್ಕಿನ ಮೊದಲ ದಾಖಲೆ. ಅದು ರೂಢಿಯಾದಾಗ 'ದಾನ'ವೆಂಬ ಪದ ಉಳಿದರೂ ಅದರ ಹಳೆಯ ಅರ್ಥ ಇಲ್ಲಿ ಸಲ್ಲದು.